ಶಕುನಿಯ ಹಗೆ, ದುರ್ಯೋಧನನ ಛಲ

ದುರಂತ ನಾಟಕದಲ್ಲಿ ಕೇಡನ್ನು ಹೊತ್ತು ತರುವ ಪಾತ್ರಗಳು ಎರಡು ಬಗೆಯವು. ಒಂದು, ಎದುರಿಗೆ ನಿಂತು ಹೋರಾಡುವ ವೈರಿ. ಸಂಸ್ಕೃತದ ನಾಟ್ಯಶಾಸ್ತ್ರಕಾರರು ಇವನನ್ನು ಪ್ರತಿನಾಯಕ, ಅಂದರೆ ನಾಯಕನ ಎದುರಾಳಿ, ಎಂದು ಕರೆದರು. ಇನ್ನೊಂದು, ಕತ್ತಿ ಹಿಡಿಯದೆ ಪಕ್ಕದಲ್ಲಿ ಕುಳಿತು, ನಂಬಿದವನ ಕಿವಿಯಲ್ಲಿ ಮಾತು ಹಾಕಿ, ಅವನ ಕೈಯಿಂದಲೇ ಅವನ ಮನೆಯನ್ನು ಕೆಡವಿಸುವ ಕುತಂತ್ರಿ. ಮೊದಲನೆಯವನ ಉದ್ದೇಶ ಎಲ್ಲರಿಗೂ ತಿಳಿದಿರುತ್ತದೆ, ಅವನು ಅದನ್ನು ಕೂಗಿ ಹೇಳಿರುತ್ತಾನೆ; ಎರಡನೆಯವನ ಉದ್ದೇಶವೇನು ಎಂಬ ಪ್ರಶ್ನೆ ಮಾತ್ರ ನಾಟಕ ಮುಗಿದ ಮೇಲೂ ಉಳಿಯುತ್ತದೆ, ಮತ್ತು ಬೇರೆ ಬೇರೆ ಜನ ಅದಕ್ಕೆ ಕೊಟ್ಟಿರುವ ಉತ್ತರಗಳು ಆ ಜನರ ನ್ಯಾಯಪ್ರಜ್ಞೆಯನ್ನೇ ತೋರಿಸುತ್ತವೆ. ಕನ್ನಡಿಗರಿಗೆ ಈ ಎರಡನೆಯ ಬಗೆಯ ಮಾದರಿ ಶಕುನಿ. ಊರಲ್ಲಿ ಅಣ್ಣತಮ್ಮಂದಿರ ನಡುವೆ ಹುಳಿ ಹಿಂಡುವವನಿಗೆ ಇಂದಿಗೂ ‘ಶಕುನಿ ಮಾವ’ ಎಂಬ ಹೆಸರು ಬೀಳುತ್ತದೆ.

ಈ ವಿಚಾರವನ್ನು ಕಲಬುರಗಿ ಜಿಲ್ಲೆಯ ಸೇಡಂ ತಾಲೂಕಿನಿಂದ ಆರಂಭಿಸುವುದಕ್ಕೆ ಸಕಾರಣವಿದೆ. ಕಾಗಿಣಾ ನದಿಯ ದಂಡೆಯ ಮಳಖೇಡ ಅಂದಿನ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ನೃಪತುಂಗ ಅಮೋಘವರ್ಷನ ಆಸ್ಥಾನದಲ್ಲಿ 9ನೆಯ ಶತಮಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ದಿಂದಾಗಿ ಈ ಊರಿನ ಹೆಸರು ಶಾಲೆಯ ಮಕ್ಕಳಿಗೂ ಗೊತ್ತು. ಅಷ್ಟಾಗಿ ನೆನಪಾಗದ ಸಂಗತಿಯೆಂದರೆ, 973ರಲ್ಲಿ ರಾಷ್ಟ್ರಕೂಟರ ಕೊನೆಯ ಅರಸ ಎರಡನೆಯ ಕರ್ಕನನ್ನು ಕೆಡವಿ ಗದ್ದುಗೆ ಏರಿದ ಚಾಲುಕ್ಯ ತೈಲಪನೂ ಅವನ ಮಗ ಸತ್ಯಾಶ್ರಯನೂ ಕಲ್ಯಾಣಕ್ಕೆ ಹೋದವರಲ್ಲ, ಇದೇ ಮಾನ್ಯಖೇಟದಿಂದ ಆಳಿದವರು ಎಂಬುದು. ರಾಜಧಾನಿ ಕಲ್ಯಾಣಕ್ಕೆ ಸಾಗಿದ್ದು ಮುಂದೆ ಒಂದನೆಯ ಸೋಮೇಶ್ವರನ ಕಾಲದಲ್ಲಿ. ಮುಧೋಳದ ಬಳೆಗಾರರ ಮನೆತನದಲ್ಲಿ ಹುಟ್ಟಿ ಕವಿಚಕ್ರವರ್ತಿಯೆಂಬ ಬಿರುದು ಪಡೆದ ರನ್ನ ‘ಗದಾಯುದ್ಧ’ವನ್ನು ಬರೆದದ್ದು ಈ ಸತ್ಯಾಶ್ರಯನನ್ನು ಭೀಮನಿಗೆ ಸಮೀಕರಿಸಿ ಹೊಗಳಲೆಂದು; ಆದ್ದರಿಂದಲೇ ಕಾವ್ಯಕ್ಕೆ ‘ಸಾಹಸಭೀಮವಿಜಯ’ ಎಂಬ ಇನ್ನೊಂದು ಹೆಸರಿದೆ. ಕನ್ನಡದ ಅತ್ಯಂತ ತೀವ್ರವಾದ ದುರಂತಕಾವ್ಯ ಹೀಗೆ ಮಾನ್ಯಖೇಟದ ಅರಮನೆಯ ಆಶ್ರಯದಲ್ಲಿ ರೂಪುಗೊಂಡಿತು.

ಈ ಆಸ್ಥಾನಕ್ಕೂ ಪ್ರತಿನಾಯಕನ ಶಾಸ್ತ್ರಕ್ಕೂ ಒಂದು ವಿಚಿತ್ರ ನಂಟು ಇದೆ. ಮಾಳವದ ಪರಮಾರ ಸೀಯಕ 972ರಲ್ಲಿ ಮಾನ್ಯಖೇಟವನ್ನು ಕೊಳ್ಳೆ ಹೊಡೆದ. ಅವನ ಮಗ ಮುಂಜ ತೈಲಪನ ಮೇಲೆ ಮತ್ತೆ ಮತ್ತೆ ದಂಡೆತ್ತಿ ಬಂದು, ಕೊನೆಗೆ ಸೆರೆಸಿಕ್ಕಿ ಹತನಾದ. ಆ ಮುಂಜನ ಆಸ್ಥಾನದಲ್ಲಿದ್ದ ಧನಂಜಯ ‘ದಶರೂಪಕ’ವೆಂಬ ನಾಟ್ಯಲಕ್ಷಣ ಗ್ರಂಥವನ್ನು ಬರೆದು, ಪ್ರತಿನಾಯಕನೆಂದರೆ ಲೋಭಿ, ಉದ್ಧತ, ಹಟಮಾರಿ, ಪಾಪಿ, ವ್ಯಸನಿ ಎಂದು ಲಕ್ಷಣ ಕಟ್ಟಿದ, ಈ ಗುಂಪಿಗೆ ಸೇರಿದವರು ರಾವಣ, ದುರ್ಯೋಧನ. ಅದೇ ಕಾಲದಲ್ಲಿ, ಮುಂಜನನ್ನು ಕೊಂದ ವಂಶದ ಆಶ್ರಯದಲ್ಲಿ ಕುಳಿತ ರನ್ನ, ಶಾಸ್ತ್ರ ಪ್ರತಿನಾಯಕನೆಂದು ತಳ್ಳಿದ ಅದೇ ದುರ್ಯೋಧನನನ್ನು ಓದುಗರ ಕಣ್ಣೀರಿಗೆ ಅರ್ಹನಾದ ಮಹಾನುಭಾವನನ್ನಾಗಿ ಎತ್ತಿ ನಿಲ್ಲಿಸಿದ. ಗೆದ್ದ ಭೀಮನ ಹೊಗಳಿಕೆಗೆಂದು ಹೊರಟ ಕಾವ್ಯ ಸೋತವನ ಕಾವ್ಯವಾದದ್ದು ಕನ್ನಡ ಸಾಹಿತ್ಯದ ದೊಡ್ಡ ಅಚ್ಚರಿಗಳಲ್ಲಿ ಒಂದು. 20ನೆಯ ಶತಮಾನದಲ್ಲಿ ಬಿ. ಎಂ. ಶ್ರೀಕಂಠಯ್ಯನವರು ಗ್ರೀಕ್ ರುದ್ರನಾಟಕಗಳನ್ನು ಓದಿ, ಅದೇ ಕಣ್ಣಿನಿಂದ ರನ್ನನನ್ನು ನೋಡಿ, ಅವನ ಕಾವ್ಯವನ್ನು ‘ಗದಾಯುದ್ಧ ನಾಟಕಂ’ ಎಂದು ರಂಗಕ್ಕೆ ಹೊಂದಿಸಿದಾಗ ಹೆಚ್ಚಿನ ತಿದ್ದುಪಡಿಯೇ ಬೇಕಾಗದಷ್ಟು ನಾಟಕೀಯತೆ ಮೂಲದಲ್ಲೇ ತುಂಬಿತ್ತು.

ರನ್ನನ ದುರ್ಯೋಧನ ಸಂಜಯನೊಡನೆ ಹೆಣಗಳ ನಡುವೆ ನಡೆಯುತ್ತಾನೆ. ದ್ರೋಣನನ್ನು ಕಂಡು ತಲೆಬಾಗುತ್ತಾನೆ, ವೈರಿಯ ಮಗ ಅಭಿಮನ್ಯುವಿನ ಶವದ ಮುಂದೆ ನಿಂತು ಆ ಹುಡುಗನ ಪರಾಕ್ರಮವನ್ನು ಮನಸಾರೆ ಮೆಚ್ಚುತ್ತಾನೆ, ಮಗ ಲಕ್ಷಣಕುಮಾರನನ್ನೂ ತಮ್ಮ ದುಶ್ಶಾಸನನನ್ನೂ ನೋಡಿ ಕುಸಿಯುತ್ತಾನೆ, ಕರ್ಣನ ಬಳಿಗೆ ಬಂದಾಗ ಅವನ ಅಳಲಿಗೆ ಎಲ್ಲೆಯೇ ಇಲ್ಲ. ತಂದೆತಾಯಿ ಬಂದು ಸಂಧಿ ಮಾಡಿಕೊಳ್ಳೆಂದು ಬೇಡಿದರೂ ಒಪ್ಪುವುದಿಲ್ಲ. ಭೀಷ್ಮನ ಮಾತಿಗೆ ಕಟ್ಟುಬಿದ್ದು ವೈಶಂಪಾಯನ ಸರೋವರದಲ್ಲಿ ಅಡಗಿದರೂ ಭೀಮನ ಮೂದಲೆಯನ್ನು ಕೇಳಿ ಸಹಿಸಲಾರದೆ ಮೇಲೆದ್ದು ಬರುತ್ತಾನೆ. ಈ ನಡಿಗೆಯುದ್ದಕ್ಕೂ ಗಮನಿಸಬೇಕಾದದ್ದು, ತನ್ನನ್ನು ಇಲ್ಲಿಗೆ ತಂದದ್ದು ಮಾವನ ದುರ್ಬೋಧೆ ಎಂಬ ಆಸರೆಯನ್ನು ಈ ದುರ್ಯೋಧನ ಹಿಡಿಯುವುದಿಲ್ಲ. ಹದಿನೆಂಟು ದಿನಗಳ ಯುದ್ಧಕ್ಕೆ ಬೀಜ ಬಿತ್ತಿದ ಶಕುನಿ ಅವನ ಶೋಕದ ನಡುವೆ ದೊಡ್ಡ ಜಾಗ ಪಡೆಯುವವನಲ್ಲ. ತನ್ನ ಕೇಡಿಗೆ ತನ್ನ ಛಲವೇ ಕಾರಣವೆಂದು ಎದೆಯೊಡ್ಡಿ ನಿಲ್ಲುವುದರಿಂದಲೇ ರನ್ನನ ದುರ್ಯೋಧನನಿಗೆ ದುರಂತ ನಾಯಕನ ಎತ್ತರ ಬಂದಿದೆ; ತಪ್ಪನ್ನು ಕುತಂತ್ರಿಯ ತಲೆಗೆ ಕಟ್ಟಿದ್ದರೆ ಅವನು ಕೇವಲ ಮೋಸಹೋದ ಅರಸನಾಗಿ ಉಳಿಯುತ್ತಿದ್ದ.

ಹಾಗಾದರೆ ಶಕುನಿಯ ಉದ್ದೇಶವೇನು? ವ್ಯಾಸಭಾರತದಲ್ಲಿ ಈ ಪ್ರಶ್ನೆಗೆ ಸಿಗುವ ಉತ್ತರ ತೆಳುವಾದದ್ದು. ಅವನು ಗಾಂಧಾರದ ದೊರೆ ಸುಬಲನ ಮಗ, ಗಾಂಧಾರಿಯ ಸೋದರ, ಸೋದರಳಿಯನ ಏಳಿಗೆಯನ್ನು ಬಯಸುವವನು. ರಾಜಸೂಯದ ವೈಭವವನ್ನು ಕಂಡು ಹೊಟ್ಟೆ ಉರಿದು ಒಣಗುತ್ತಿರುವ ದುರ್ಯೋಧನನಿಗೆ ಅವನು ಕೊಡುವ ಸಲಹೆ ಲೆಕ್ಕಾಚಾರದ್ದು: ಪಾಂಡವರನ್ನು ಯುದ್ಧದಲ್ಲಿ ಗೆಲ್ಲಲಾಗದು, ಆದರೆ ಯುಧಿಷ್ಠಿರನಿಗೆ ಜೂಜಿನ ಮೇಲೆ ಆಸೆಯಿದೆ, ಆಟ ಮಾತ್ರ ಬರುವುದಿಲ್ಲ. ಇದರ ಹಿಂದಿನ ಕಾರಣವನ್ನು ಕೇಳಿದರೆ ಆದಿಪರ್ವ ಮನುಷ್ಯಲೋಕವನ್ನೇ ಬಿಟ್ಟು, ಶಕುನಿ ದ್ವಾಪರನ ಅಂಶದಿಂದಲೂ ದುರ್ಯೋಧನ ಕಲಿಯ ಅಂಶದಿಂದಲೂ ಹುಟ್ಟಿದವರೆಂದು ಹೇಳುತ್ತದೆ. ಕಲಿ, ದ್ವಾಪರ ಎಂಬವು ಯುಗಗಳ ಹೆಸರಾಗಿರುವಂತೆ ಪ್ರಾಚೀನ ಜೂಜಿನಲ್ಲಿ ದಾಳದ ಎಸೆತಗಳ ಹೆಸರೂ ಹೌದು. ಜೂಜಾಡಿಸಿ ಕೆಡಿಸುವುದು ಅವನ ಹುಟ್ಟಿಗೇ ಅಂಟಿದ್ದು ಎಂಬುದಷ್ಟೇ ಅಲ್ಲಿನ ವಿವರಣೆ. ಜೊತೆಗೆ ಜನ ಸಾಮಾನ್ಯವಾಗಿ ಮರೆತಿರುವ ಒಂದು ಪ್ರಸಂಗ ವನಪರ್ವದಲ್ಲಿದೆ. ಘೋಷಯಾತ್ರೆಯಲ್ಲಿ ಗಂಧರ್ವರ ಕೈಗೆ ಸಿಕ್ಕಿ, ಪಾಂಡವರಿಂದಲೇ ಬಿಡಿಸಲ್ಪಟ್ಟು, ನಾಚಿಕೆಯಿಂದ ಉಪವಾಸ ಸಾಯಲು ಕುಳಿತ ದುರ್ಯೋಧನನಿಗೆ, ಪಾಂಡವರ ರಾಜ್ಯವನ್ನು ಅವರಿಗೆ ಮರಳಿ ಕೊಟ್ಟು ಕೀರ್ತಿ ಪಡೆ ಎಂದು ಬುದ್ಧಿ ಹೇಳುವವನು ಇದೇ ಶಕುನಿ. ಕುರುಕುಲವನ್ನು ಬೇರುಸಹಿತ ಕೀಳಬೇಕೆಂದು ಹೊರಟವನು ಆಡುವ ಮಾತಲ್ಲ ಇದು.

ಬೇರುಸಹಿತ ಕೀಳಲೆಂದೇ ಬಂದ ಶಕುನಿ ಹುಟ್ಟಿದ್ದು ಜನಪದರ ಬಾಯಲ್ಲಿ. ಕರ್ನಾಟಕದ ಉದ್ದಗಲಕ್ಕೂ, ತೆಲುಗು ನಾಡಿನಲ್ಲೂ ಹಬ್ಬಿರುವ ಆ ಕಥೆಯ ಪಾಠಗಳು ಹಲವು, ತಿರುಳು ಒಂದೇ. ಗಾಂಧಾರಿಯ ಮೊದಲ ಗಂಡ ಸಾಯುತ್ತಾನೆಂದು ಜಾತಕದಲ್ಲಿ ದೋಷ ಕಂಡಿತ್ತು. ಅದನ್ನು ಕಳೆಯಲು ಅವಳನ್ನು ಒಂದು ಹೋತಕ್ಕೆ ಮದುವೆ ಮಾಡಿ, ಅದನ್ನು ಕಡಿದು, ಆಮೇಲೆ ಧೃತರಾಷ್ಟ್ರನಿಗೆ ಕೊಟ್ಟರು. ಈ ಗುಟ್ಟು ತಿಳಿದಾಗ ವಿಧವೆಯನ್ನು ತಂದಂತಾಯಿತೆಂದು ಸಿಟ್ಟಾದ ಕೌರವರು ಸುಬಲನನ್ನೂ ಅವನ ನೂರು ಮಕ್ಕಳನ್ನೂ ಸೆರೆಗೆ ತಳ್ಳಿ, ದಿನಕ್ಕೆ ತಲೆಗೊಂದು ಅಗುಳು ಅನ್ನ ಕೊಡತೊಡಗಿದರು. ಎಲ್ಲರೂ ಸಾಯುವುದಕ್ಕಿಂತ ಒಬ್ಬನಾದರೂ ಉಳಿದು ಸೇಡು ತೀರಿಸಲಿ ಎಂದು ತಮ್ಮ ತಮ್ಮ ಅಗುಳನ್ನೆಲ್ಲ ಜಾಣನಾದ ಕಿರಿಯ ಶಕುನಿಗೆ ಉಣಿಸಿ ಉಳಿದವರು ಒಬ್ಬೊಬ್ಬರಾಗಿ ಸತ್ತರು. ಸುಬಲ ಸಾಯುವ ಮುಂಚೆ ಮಗನ ಕಾಲನ್ನು ಮುರಿದ, ಕುಂಟುವ ಪ್ರತಿ ಹೆಜ್ಜೆಗೂ ಹಗೆ ನೆನಪಾಗಲೆಂದು. ತನ್ನ ಎಲುಬಿನಿಂದ ದಾಳ ಮಾಡಿಕೊ, ಅವು ನೀನು ಕೇಳಿದ ಗರವನ್ನೇ ಕೊಡುತ್ತವೆ ಎಂದು ಹೇಳಿ ಕಣ್ಣು ಮುಚ್ಚಿದ. ಈ ಶಕುನಿ ಪಾಂಡವರ ವೈರಿಯಲ್ಲ, ದುರ್ಯೋಧನನ ಹಿತೈಷಿಯೂ ಅಲ್ಲ. ಕೌರವರನ್ನು ಅವರ ಅಸೂಯೆಯ ದಾರಿಯಲ್ಲೇ ನಡೆಸಿ ಮಸಣ ಮುಟ್ಟಿಸುವ ಸೇಡುಗಾರ.

ತೆಲಂಗಾಣಕ್ಕೆ ಅಂಟಿಕೊಂಡಿರುವ ಸೇಡಂ, ಚಿಂಚೋಳಿ ತಾಲೂಕುಗಳಲ್ಲಿ ಕನ್ನಡದ ಜೊತೆಗೆ ತೆಲುಗೂ ಕಿವಿಗೆ ಬೀಳುತ್ತಿರುತ್ತದೆ, ಕಥೆಗಳಿಗೆ ಗಡಿಯ ಕಾವಲಿಲ್ಲ. 1966ರಲ್ಲಿ ಎನ್. ಟಿ. ರಾಮರಾವ್ ನಿರ್ದೇಶಿಸಿದ ‘ಶ್ರೀಕೃಷ್ಣ ಪಾಂಡವೀಯಂ’ ತೆಲುಗು ಚಿತ್ರದಲ್ಲಿ ಧೂಳಿಪಾಳ ಅಭಿನಯಿಸಿದ ಶಕುನಿ ಈ ಸೇಡಿನ ಕಥೆಯನ್ನೇ ಹೊತ್ತು ಬಂದ ಶಕುನಿ. ವ್ಯಾಸನಲ್ಲಿ ಇಲ್ಲದ ಈ ಕಥೆಯೇ ಇಂದು ಬಹುಜನರ ಪಾಲಿಗೆ ನಿಜವಾದ ಮಹಾಭಾರತವಾಗಿದೆ, ಅದರಲ್ಲಿ ಆಕ್ಷೇಪಿಸುವಂಥದ್ದೂ ಇಲ್ಲ. ಇಷ್ಟು ದೊಡ್ಡ ಕೇಡಿನ ಹಿಂದೆ ಅಷ್ಟೇ ದೊಡ್ಡ ಗಾಯವೊಂದು ಇರಲೇಬೇಕು ಎಂದು ಜನಪದರು ನಂಬಿದರು. ಹಸಿವು, ಸೆರೆ, ಕಣ್ಣೆದುರಿನ ಸಾವು ಎಂಬ ತಮಗೆ ಗೊತ್ತಿದ್ದ ನೋವುಗಳಿಂದಲೇ ಆ ಗಾಯವನ್ನು ಕಟ್ಟಿದರು.

ಪಶ್ಚಿಮದ ನಾಟಕದಲ್ಲಿ ನಡೆದದ್ದು ಇದರ ತಿರುಗುಮುರುಗು. ಶೇಕ್ಸ್‌ಪಿಯರ್ ‘ಒಥೆಲೊ’ ನಾಟಕಕ್ಕೆ ಕಥೆಯನ್ನು ಎತ್ತಿಕೊಂಡದ್ದು ಇಟಲಿಯ ಚಿಂಥಿಯೋ 1565ರಲ್ಲಿ ಪ್ರಕಟಿಸಿದ ಕಥಾಸಂಗ್ರಹದಿಂದ. ಅಲ್ಲಿನ ಕುತಂತ್ರಿ ಸೈನ್ಯಾಧಿಕಾರಿಗೆ ಉದ್ದೇಶ ಸ್ಪಷ್ಟವಾಗಿದೆ: ನಾಯಕನ ಹೆಂಡತಿಯನ್ನು ಅವನು ಬಯಸಿದ, ಅವಳು ಒಲಿಯಲಿಲ್ಲ, ಆ ಬಯಕೆ ಹಗೆಯಾಯಿತು. ಶೇಕ್ಸ್‌ಪಿಯರನ ಇಯಾಗೊ ಆ ಕಾರಣವನ್ನು ಕೈಬಿಟ್ಟು, ಒಮ್ಮೆ ತನಗೆ ಸಿಗಬೇಕಾದ ಹುದ್ದೆ ಕ್ಯಾಸಿಯೊಗೆ ಹೋಯಿತೆನ್ನುತ್ತಾನೆ, ಇನ್ನೊಮ್ಮೆ ತನ್ನ ಹೆಂಡತಿಗೂ ಒಥೆಲೊಗೂ ಸಂಬಂಧವಿರುವ ಗುಮಾನಿ ಎನ್ನುತ್ತಾನೆ. ಹೇಳಿದ ಕಾರಣಗಳಲ್ಲಿ ಯಾವುದೂ ಮಾಡಿದ ಕೆಲಸದ ತೂಕಕ್ಕೆ ಸಾಲುವುದಿಲ್ಲ. ಕವಿ ಕೋಲ್‌ರಿಜ್ ಇದನ್ನು ಉದ್ದೇಶವೇ ಇಲ್ಲದ ಕೇಡಿಗತನವೊಂದು ಉದ್ದೇಶ ಹುಡುಕುತ್ತ ಅಲೆಯುವುದೆಂದು ವಿವರಿಸಿದ. ಎಲ್ಲ ಬಯಲಾದ ಮೇಲೆ ಏಕೆ ಹೀಗೆ ಮಾಡಿದೆ ಎಂದು ಕೇಳಿದರೆ ಇಯಾಗೊ ಇನ್ನು ಬಾಯಿ ಬಿಡುವುದಿಲ್ಲವೆಂದು ಹಟ ಹಿಡಿಯುತ್ತಾನೆ. ಅವನ ಸಾವು ರಂಗದ ಮೇಲೆ ನಡೆಯುವುದೇ ಇಲ್ಲ, ಚಿತ್ರಹಿಂಸೆಗೆಂದು ಅವನನ್ನು ಎಳೆದೊಯ್ಯುತ್ತಾರೆ. 19ನೆಯ ಶತಮಾನದಲ್ಲಿ ಮೈಸೂರು ಆಸ್ಥಾನದ ಬಸಪ್ಪಶಾಸ್ತ್ರಿಗಳು ಈ ನಾಟಕವನ್ನು ‘ಶೂರಸೇನ ಚರಿತ್ರೆ’ಯಾಗಿ ಕನ್ನಡದ ವೇಷ ತೊಡಿಸಿ ತಂದರು. ಒಟ್ಟಿನಲ್ಲಿ, ಕಾರಣವಿದ್ದ ಕುತಂತ್ರಿಯಿಂದ ಶೇಕ್ಸ್‌ಪಿಯರ್ ಕಾರಣವನ್ನು ಕಸಿದ. ಕಾರಣವಿಲ್ಲದ ಕುತಂತ್ರಿಗೆ ನಮ್ಮ ಜನಪದರು ಕಾರಣವನ್ನು ಒದಗಿಸಿದರು.

ಇವೆರಡರಲ್ಲಿ ಯಾವುದು ಹೆಚ್ಚಿನದು ಎಂದು ತೂಗುವುದಕ್ಕಿಂತ, ಎರಡೂ ಬಿಟ್ಟುಕೊಡುವುದೇನು ಎಂದು ನೋಡುವುದು ಒಳ್ಳೆಯದು. ಜನಪದದ ಶಕುನಿ ಕರುಣೆಗೆ ಪಾತ್ರನಾಗುತ್ತಾನೆ, ಆದರೆ ಅವನ ಕಥೆ ಬೆಳೆದಷ್ಟೂ ದುರ್ಯೋಧನ ಚಿಕ್ಕವನಾಗುತ್ತಾನೆ, ಸೂತ್ರದ ಗೊಂಬೆಯಾಗುತ್ತಾನೆ. ದ್ರೌಪದಿಯ ಸೀರೆಗೆ ಕೈಹಾಕಿಸಿದ ಪಾಪವೂ ಯಾರದೋ ಸೆರೆಮನೆಯ ಪ್ರತಿಜ್ಞೆಯ ಪಾಲಾಗಿಬಿಡುತ್ತದೆ. ಇಯಾಗೊ ಭಯ ಹುಟ್ಟಿಸುತ್ತಾನೆ, ಆದರೆ ಅವನನ್ನು ಅರ್ಥಮಾಡಿಕೊಳ್ಳುವ ದಾರಿಯೇ ಮುಚ್ಚಿಹೋಗುತ್ತದೆ. ರನ್ನ ಈ ಎರಡನ್ನೂ ತಪ್ಪಿಸಿ, ಕುತಂತ್ರಿಯನ್ನು ಅಂಚಿಗೆ ಸರಿಸಿ, ಅವನ ಮಾತಿಗೆ ಕಿವಿಗೊಟ್ಟವನನ್ನು ನಡುವೆ ನಿಲ್ಲಿಸಿದ. ಬಿತ್ತಿದವನಿಗಿಂತ ಬಿತ್ತಲು ನೆಲ ಕೊಟ್ಟವನ ಹೊಣೆಯೇ ದೊಡ್ಡದೆಂಬ ಈ ನಿಲುವು ಆಳುವವರ ಆಸ್ಥಾನದಲ್ಲಿ ಕುಳಿತು ಬರೆದ ಕವಿಗೆ ಸುಲಭದ್ದಾಗಿರಲಿಲ್ಲ, ಏಕೆಂದರೆ ಅರಸರ ತಪ್ಪಿಗೆ ಮಂತ್ರಿಯನ್ನೋ ಮಾವನನ್ನೋ ದೂರುವುದು ಎಲ್ಲ ಕಾಲದ ಆಸ್ಥಾನಗಳಿಗೂ ಅನುಕೂಲವಾದ ಅಭ್ಯಾಸ. ಗೆಳೆಯನ ದ್ರೋಹವನ್ನೇ ಹಾಡಿ ಆಡುವ ಬೈಲಹೊಂಗಲದ ‘ಸಂಗ್ಯಾ ಬಾಳ್ಯಾ’ ಸಣ್ಣಾಟವೂ ಇದೇ ಎಚ್ಚರವನ್ನು ಇಟ್ಟುಕೊಂಡಿದೆ: ಸಂಗ್ಯಾನನ್ನು ವೈರಿಗಳ ಕೈಗೆ ಒಪ್ಪಿಸುವ ಬಾಳ್ಯಾ ನೀಚನೇ, ಆದರೆ ಪರರ ಹೆಂಡತಿ ಗಂಗಿಯನ್ನು ಬಯಸಿ ಹೊರಟ ಸಂಗ್ಯಾನ ಹೆಜ್ಜೆಗಳನ್ನು ಆ ಆಟ ಮರೆಮಾಡುವುದಿಲ್ಲ.

ಕಾವ್ಯದಲ್ಲಿ ಕಾಣುವ ಈ ಸಂಗತಿ ಚರಿತ್ರೆಯಲ್ಲಿ ಅತ್ಯಂತ ಸ್ಪಷ್ಟವಾಗಿ ನಡೆದದ್ದು ಇದೇ ಸೀಮೆಯನ್ನು ಆಳಿದ ಬಹಮನಿ ಸುಲ್ತಾನರಲ್ಲಿ. 1347ರಲ್ಲಿ ಕಲಬುರಗಿಯಲ್ಲಿ ಆರಂಭವಾಗಿ, 1420ರ ದಶಕದಲ್ಲಿ ಬೀದರ್‌ಗೆ ರಾಜಧಾನಿ ಬದಲಿಸಿದ ಈ ರಾಜ್ಯದಲ್ಲಿ ಪರ್ಷಿಯಾದ ಗೀಲಾನಿನಿಂದ ಬಂದ ಮಹಮೂದ್ ಗವಾನ್ ಪ್ರಧಾನಿಯಾಗಿ, 1472ರಲ್ಲಿ ಬೀದರ್‌ನ ಹೆಸರಾಂತ ಮದರಸಾ ಕಟ್ಟಿಸಿದ. ಆಸ್ಥಾನದಲ್ಲಿ ದಖನಿಗಳು ಎಂದು ಕರೆಸಿಕೊಳ್ಳುವ ಇಲ್ಲಿಯವರ ಗುಂಪಿಗೂ, ಅಫಾಕಿಗಳು ಎಂಬ ಹೊರಗಿನಿಂದ ಬಂದವರ ಗುಂಪಿಗೂ ಹಳೆಯ ಹಗೆತನವಿತ್ತು. ಅದರ ಮೇಲೆ ಗವಾನ್ ಆಡಳಿತವನ್ನೇ ತಿದ್ದಹೊರಟ: ತರಫುಗಳು ಎಂಬ ನಾಲ್ಕು ದೊಡ್ಡ ಪ್ರಾಂತಗಳನ್ನು ಒಡೆದು ಎಂಟು ಮಾಡಿದ, ಪ್ರಾಂತಾಧಿಪತಿಯ ಕೈಯಲ್ಲಿ ಒಂದೇ ಕೋಟೆ ಉಳಿಸಿ ಮಿಕ್ಕವನ್ನು ನೇರವಾಗಿ ಸುಲ್ತಾನನ ವಶಕ್ಕೆ ತಂದ. ಕಲಬುರಗಿ ಒಡೆದು ಕಲಬುರಗಿ ಮತ್ತು ಬಿಜಾಪುರವಾಯಿತು, ತೆಲಂಗಾಣ ಒಡೆದು ರಾಜಮಹೇಂದ್ರಿ ಮತ್ತು ವಾರಂಗಲ್ ಆಯಿತು. ತೆಲಂಗಾಣವನ್ನು ಇಡಿಯಾಗಿ ಆಳುತ್ತಿದ್ದ ಮಲಿಕ್ ಹಸನ್ ನಿಜಾಮ್‌ಉಲ್ಮುಲ್ಕ್ ಬಹ್ರಿಗೆ ಅರ್ಧವಷ್ಟೇ ಉಳಿಯಿತು. ಇಲ್ಲಿ ಉದ್ದೇಶವನ್ನು ಹುಡುಕಬೇಕಾಗಿಲ್ಲ. ಕಸಿದುಕೊಂಡ ನೆಲ ಮತ್ತು ಕಡಿಮೆಯಾದ ಅಧಿಕಾರ ನಕ್ಷೆಯ ಮೇಲೆಯೇ ಕಾಣುತ್ತವೆ.

ಚರಿತ್ರಕಾರ ಫಿರಿಶ್ತಾ ಬರೆದಿರುವಂತೆ, ಗವಾನನ ಮುದ್ರೆಯನ್ನು ಕಾಯುತ್ತಿದ್ದ ಹಬ್ಶಿ ಗುಲಾಮನನ್ನು ಮಲಿಕ್ ಹಸನನ ಕಡೆಯವರು ಒಲಿಸಿಕೊಂಡು, ಖಾಲಿ ಕಾಗದದ ಮೇಲೆ ಮುದ್ರೆ ಒತ್ತಿಸಿದರು. ಅದರ ಮೇಲೆ, ಸುಲ್ತಾನನ ಕುಡಿತ ಮತ್ತು ಕ್ರೌರ್ಯದಿಂದ ಬೇಸತ್ತಿದ್ದೇವೆ, ನೀನು ದಂಡೆತ್ತಿ ಬಾ ಎಂದು ಒಡಿಶಾದ ದೊರೆಗೆ ಗವಾನನೇ ಬರೆದಂತೆ ಪತ್ರ ಸೃಷ್ಟಿಸಿ, ಸುಲ್ತಾನ ಮೂರನೆಯ ಮಹಮ್ಮದ್ ಷಾನ ಕೈಗೆ ತಲುಪಿಸಿದರು. ಕೊಂಡಪಲ್ಲಿಯ ಶಿಬಿರದಲ್ಲಿ ಮದ್ಯದ ಅಮಲಿನಲ್ಲಿದ್ದ ಸುಲ್ತಾನ ಗವಾನನನ್ನು ಕರೆಸಿ, ಒಡೆಯನಿಗೆ ದ್ರೋಹ ಬಗೆದ ಸೇವಕನಿಗೆ ಏನು ಶಿಕ್ಷೆ ಎಂದು ಕೇಳಿದ. ಕತ್ತಿಯೇ ಶಿಕ್ಷೆ ಎಂದು ಗವಾನ್ ಹೇಳಿದ. ಪತ್ರ ತೋರಿಸಿದಾಗ, ಮುದ್ರೆ ತನ್ನದು, ಬರೆಹ ತನ್ನದಲ್ಲ ಎಂದ. ಬರೆದವರು ಯಾರು, ತಂದವರು ಯಾರು ಎಂಬ ವಿಚಾರಣೆಗೆ ಒಂದು ಗಳಿಗೆಯೂ ಕಾಯದೆ, ಮೂರು ದಶಕಗಳಷ್ಟು ದೀರ್ಘ ಸೇವೆ ಸಲ್ಲಿಸಿದ ಎಪ್ಪತ್ತು ದಾಟಿದ ಮುದುಕನನ್ನು 1481ರ ಏಪ್ರಿಲ್ 5ರಂದು ಕೊಲ್ಲಿಸಲಾಯಿತು.

ನಾಟಕವೊಂದಕ್ಕೆ ಬೇಕಾದ ಎಲ್ಲವೂ ಇಲ್ಲಿದೆ. ಒಥೆಲೊಗೆ ಹೆಂಡತಿಯ ಮೇಲೆ ಸಂಶಯ ಹುಟ್ಟಿಸಲು ಇಯಾಗೊ ಅವಳ ಕೈವಸ್ತ್ರವನ್ನು ಸಾಕ್ಷಿಯನ್ನಾಗಿ ಮಾಡಿದಂತೆ ಮಲಿಕ್ ಹಸನ್ ಮುದ್ರೆಯನ್ನು ಸಾಕ್ಷಿಯನ್ನಾಗಿ ಮಾಡಿದ. ಎರಡೂ ಕಡೆ ಅಮಾಯಕನ ವಸ್ತುವೇ ಅಮಾಯಕನನ್ನು ಕೊಲ್ಲುತ್ತದೆ, ಮತ್ತು ಎರಡೂ ಕಡೆ ಒಂದೇ ಒಂದು ನೇರ ಪ್ರಶ್ನೆ ಕೇಳಿದ್ದರೆ ಸಂಚು ಕುಸಿದುಬೀಳುತ್ತಿತ್ತು. ಗವಾನ್ ಸತ್ತ ಮೇಲೆ ಅವನ ಬೊಕ್ಕಸದಲ್ಲಿ ಅಪಾರ ಸಂಪತ್ತು ಸಿಗಬಹುದೆಂದು ಎಣಿಸಿದ ಸುಲ್ತಾನನಿಗೆ ಅಲ್ಲಿ ಹೆಚ್ಚೇನೂ ಕಾಣಲಿಲ್ಲ. ಸಂಚು ಬಯಲಾಯಿತು, ಪಶ್ಚಾತ್ತಾಪ ಮತ್ತು ಕುಡಿತ ಎರಡೂ ಕೂಡಿ ಒಂದು ವರ್ಷದೊಳಗೆ, 1482ರಲ್ಲಿ, ಅವನನ್ನು ಮುಗಿಸಿದವು. ಇಲ್ಲಿ ದುರಂತ ನಾಯಕ ಯಾರು ಎಂದು ಕೇಳಿದರೆ ಗವಾನ್ ಎಂಬ ಉತ್ತರ ಮೊದಲು ಹೊಳೆಯುತ್ತದೆ. ರನ್ನನನ್ನು ಓದಿದವರು ಮಾತ್ರ ಸುಲ್ತಾನನ ಕಡೆಗೂ ನೋಡುತ್ತಾರೆ, ಏಕೆಂದರೆ ಕೊಲ್ಲುವ ಮಾತು ಹೊರಟದ್ದು ಅವನ ಬಾಯಿಂದ, ಆ ಮಾತಿನೊಂದಿಗೆ ಬದುಕಬೇಕಾಗಿ ಬಂದದ್ದೂ ಅವನಿಗೇ.

ಕುತಂತ್ರಿಯ ಅಂತ್ಯದ ವಿಷಯಕ್ಕೆ ಬಂದರೆ, ಗ್ರೀಕ್ ಚಿಂತಕ ಅರಿಸ್ಟಾಟಲ್ ತನ್ನ ಕಾವ್ಯಮೀಮಾಂಸೆಯಲ್ಲಿ ಹೇಳಿದ ಒಂದು ಮಾತು ಗಮನಾರ್ಹ: ತೀರಾ ದುಷ್ಟನಾದವನು ಬಿದ್ದರೆ ನೋಡುವವರ ನ್ಯಾಯಬುದ್ಧಿಗೆ ತೃಪ್ತಿಯಾಗಬಹುದು, ದುರಂತ ಹುಟ್ಟಿಸಬೇಕಾದ ಕರುಣೆಯಾಗಲಿ ಭಯವಾಗಲಿ ಅದರಿಂದ ಹುಟ್ಟುವುದಿಲ್ಲ. ಆದ್ದರಿಂದಲೇ ದೊಡ್ಡ ಕವಿಗಳು ಕುತಂತ್ರಿಯ ಸಾವನ್ನು ಬೇಗ ಮುಗಿಸುತ್ತಾರೆ. ಹದಿನೆಂಟನೆಯ ದಿನ ಶಕುನಿ ತನ್ನ ಕಣ್ಣೆದುರೇ ಮಗ ಉಲೂಕ ಬಿದ್ದದ್ದನ್ನು ಕಂಡು, ಸ್ವಲ್ಪ ಹೊತ್ತಿನಲ್ಲೇ ಸಹದೇವನ ಕೈಯಿಂದ ಸಾಯುತ್ತಾನೆ. ಮಗನನ್ನು ಕಳೆದುಕೊಂಡ ಆ ಕ್ಷಣದ ಶಕುನಿಯ ಕಣ್ಣೀರನ್ನು ವ್ಯಾಸಭಾರತ ದಾಖಲಿಸುತ್ತದೆ, ಆದರೆ ಅಲ್ಲಿ ನಿಲ್ಲುವುದಿಲ್ಲ. ದುರ್ಯೋಧನನಿಗೆ ತೊಡೆ ಮುರಿದು ಬಿದ್ದ ಮೇಲೂ ಮಾತಾಡಲು ಕಾಲಾವಕಾಶ ಸಿಗುತ್ತದೆ, ಶಕುನಿಗೆ ಸಿಗುವುದಿಲ್ಲ.

ಮಲಿಕ್ ಹಸನ್‌ಗೆ ಮಾತ್ರ ಚರಿತ್ರೆ ಐದು ವರ್ಷಗಳ ಏಳಿಗೆಯನ್ನು ಕೊಟ್ಟಿತು. ಪಟ್ಟಕ್ಕೆ ಬಂದ ಸುಲ್ತಾನ ಮಹಮೂದ್ ಷಾ ಇನ್ನೂ ಹುಡುಗನಾಗಿದ್ದರಿಂದ ರಾಜ್ಯದ ಎಲ್ಲ ಅಧಿಕಾರ ಮಲಿಕ್ ನಾಯಿಬ್ ಎನಿಸಿಕೊಂಡ ಇವನ ಕೈಗೆ ಬಂತು, ಅಂದರೆ ಅವನು ಬಯಸಿದ್ದೆಲ್ಲವೂ ದೊರೆಯಿತು. ಆದರೆ ಮುದ್ರೆ, ಪತ್ರ, ಪಿಸುಮಾತುಗಳಿಂದ ಪ್ರಧಾನಿಯನ್ನು ಕೊಲ್ಲಿಸಬಹುದೆಂದು ಆಸ್ಥಾನಕ್ಕೆ ತೋರಿಸಿಕೊಟ್ಟವನೂ ಅವನೇ ಆಗಿದ್ದ. 1486ರಲ್ಲಿ ಅವನ ವಿರುದ್ಧವೇ ಗುಂಪು ಕಟ್ಟಿಕೊಂಡಿತು, ಓಡಿ ಬೀದರ್ ಸೇರಿದವನನ್ನು ಅಲ್ಲಿನ ಕೋಟೆಯ ಅಧಿಕಾರಿಯೇ ಕೊಂದ. ಅಷ್ಟರಲ್ಲಿ ಗವಾನ್ ಒಡೆದು ಹತೋಟಿಗೆ ತಂದಿದ್ದ ಪ್ರಾಂತಗಳ ಅಧಿಪತಿಗಳಿಗೆ ಬೀದರ್‌ನ ಅಂಕೆ ಕಳಚಿತ್ತು. ಮಲಿಕ್ ಹಸನನ ಮಗ ಮಲಿಕ್ ಅಹ್ಮದ್ 1490ರಲ್ಲಿ ಸ್ವತಂತ್ರನಾಗಿ ಅಹಮದ್‌ನಗರದ ನಿಜಾಮಶಾಹಿಯನ್ನು ಸ್ಥಾಪಿಸಿದ, ಬಿಜಾಪುರದಲ್ಲಿ ಗವಾನನ ಕಡೆಯವನಾಗಿದ್ದ ಯೂಸುಫ್ ಆದಿಲ್ ಖಾನ್ ತನ್ನದೇ ಮನೆತನವನ್ನು ಕಟ್ಟಿದ, ಕಲಬುರಗಿಯ ಸುತ್ತಣ ನೆಲಕ್ಕಾಗಿ ಬೀದರ್ ಮತ್ತು ಬಿಜಾಪುರಗಳ ನಡುವೆ ಮುಂದಿನ ಹಲವು ದಶಕಗಳ ಕಾಲ ಕಾದಾಟ ನಡೆಯಿತು.